ಫಾಲ್ಸ್‌ನ್ಯಾಗ ನೀರ ಎಲ್ಲಿ ಐತ್ರಿ?

ಮೇ ತಿಂಗಳ ನಡುವೆ ನಮ್ಮ ಓದುಗರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂದಿತ್ತು. ಏಷ್ಯಾ ಖಂಡದಲ್ಲಿ ನೋಡಲೇಬೇಕಾದ ಜಾಗಗಳು ಅಂತ ಅದರ ಹೆಸರು. ಕಾಂಬೋಡಿಯಾದ ಅಂಕೋರ್ ವಾಟ್, ಜೋರ್ಡಾನ್‌ನ ಪೆಟ್ರಾ, ಚೀನಾದ ಗೋಡೆ, ನಮ್ಮ ತಾಜ್‌ಮಹಲ್. ಅದರ ಕೆಳಗೆ ಮೂಡಲಗಿಯ ಓದುಗರೊಬ್ಬರು ‘ನಮ್ಮ ಗೋಕಾಕ ಫಾಲ್ಸ್ ಯಾಕಿಲ್ಲ?’ ಎಂದು ಕೇಳಿದರು. ಐದು ನಿಮಿಷವೂ ಆಗಿರಲಿಲ್ಲ, ಇನ್ನೊಬ್ಬರ ಉತ್ತರ ಬಂತು: ‘ಫಾಲ್ಸ್‌ನ್ಯಾಗ ನೀರ ಎಲ್ಲಿ ಐತ್ರಿ?’

ಎಲ್ಲರೂ ನಗುವ ಚಿಹ್ನೆ ಹಾಕಿ ಮರೆತರು. ನಮಗೆ ಮಾತ್ರ ಆ ಎರಡನೇ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ನೀರು ಎಲ್ಲಿ ಹೋಯಿತು ಎಂದು ಹುಡುಕಿದರೆ ನಮ್ಮ ಮೂರು ತಾಲ್ಲೂಕುಗಳ ಇತಿಹಾಸದ ದೊಡ್ಡ ಭಾಗ ಅದರಲ್ಲೇ ಸಿಗುತ್ತದೆ. ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಯಮಕನಮರಡಿಯಲ್ಲಿ ಚಹಾ ಕುಡಿದು ಎರಡು ಬೈಕಿನಲ್ಲಿ ಮೂವರು ಹೊರಟೆವು. ಘಟಪ್ರಭಾ ನದಿ ಹರಿಯುವ ದಿಕ್ಕಿನಲ್ಲೇ ನಮ್ಮ ದಾರಿ.

ಮೊದಲು ಸಿಗುವುದು ಹಿಡಕಲ್ ಜಲಾಶಯ. ವಂಟಮುರಿಯ ರಾಜಾ ಲಖಮಗೌಡ ಸರದೇಸಾಯಿ ಅವರ ಹೆಸರಿನ ಈ ಅಣೆಕಟ್ಟು 1977ರಲ್ಲಿ ಮುಗಿಯಿತು, 51 ಟಿಎಂಸಿ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ಹಳೆಯ ವಿಠ್ಠಲ ದೇವಸ್ಥಾನ ಮೇಲೆ ಕಾಣುತ್ತದೆ. ಜಲಾಶಯ ತುಂಬಿದಾಗ ಊರು ಮೇಲಕ್ಕೆ ಬಂತು, ಗುಡಿ ಕೆಳಗೇ ಉಳಿಯಿತು. ನೀರು ಸರಿದ ತಿಂಗಳುಗಳಲ್ಲಿ ಜನ ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದು ಹೋಗಿ ಕಾಯಿ ಒಡೆದು ಬರುತ್ತಾರೆ. ನಾವು ಹೋದಾಗ ಒಬ್ಬ ಅಜ್ಜಿ ಮೊಮ್ಮಗನಿಗೆ ಬೆರಳು ಮಾಡಿ ‘ಅಲ್ಲಿ ನಮ್ಮ ಹೊಲ ಇತ್ತು, ಅದರ ಬಾಜೂಕ ಬಾವಿ’ ಎಂದು ತೋರಿಸುತ್ತಿದ್ದರು. ಅವರು ತೋರಿಸಿದ ಕಡೆ ನಮಗೆ ಕಂಡದ್ದು ಬರೀ ನೀರು.

ಮುಂದೆ ಧೂಪದಾಳ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತೆವು, ಯಾಕೆಂದರೆ ಫಾಲ್ಸ್‌ನ ನೀರಿನ ಲೆಕ್ಕ ಶುರುವಾಗುವುದು ಹಿಡಕಲ್‌ನಲ್ಲಿ ಅಲ್ಲ, ಇಲ್ಲಿ. 1876ರಿಂದ 1878ರವರೆಗೆ ಈ ಸೀಮೆಯಲ್ಲಿ ಧಾತು ಸಂವತ್ಸರದ ಬರ ಬಿತ್ತು. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಆಗ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಬರ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ಬರಪೀಡಿತ ಸೀಮೆಗಳಿಗೆ ಕಾಲುವೆ ತೋಡಲು ಹೊರಟಿತು. ಘಟಪ್ರಭೆಗೆ ಅಡ್ಡಲಾಗಿ ಧೂಪದಾಳದಲ್ಲಿ ಕಲ್ಲಿನ ಒಡ್ಡು ಎದ್ದಿತು. 1897ರ ಹೊತ್ತಿಗೆ ಕೆಲಸ ಮುಗಿದು ನೀರು ಕಾಲುವೆಗೆ ತಿರುಗಿತು. ಅಂದರೆ ಫಾಲ್ಸ್‌ಗೆ ಬರುವ ನೀರನ್ನು ಅದಕ್ಕಿಂತ ಮೇಲೆಯೇ ಹೊಲದ ಪಾಲು ಅಂತ ತೆಗೆಯುವುದು ಶುರುವಾಗಿ 125 ವರ್ಷ ದಾಟಿದೆ. ನಮ್ಮ ಅಜ್ಜನ ಅಜ್ಜ ನೋಡಿದ ಫಾಲ್ಸ್ ಬೇರೆ, ನಾವು ನೋಡುವ ಫಾಲ್ಸ್ ಬೇರೆ.

ಒಡ್ಡಿನ ಹಿಂದೆ ನಿಂತ ನೀರು ಇನ್ನೊಂದು ಕೆಲಸವನ್ನೂ ಮಾಡಿತು. ಅದನ್ನು ಯಾರೂ ಯೋಜಿಸಿರಲಿಲ್ಲ. ಆಳವಿಲ್ಲದ ನೀರು, ನಡುವೆ ದಿಬ್ಬಗಳು, ಸುತ್ತ ಹೊಲ ಇದ್ದದ್ದರಿಂದ ಹಕ್ಕಿಗಳು ಬಂದವು. 1974ರಲ್ಲಿ ಇದನ್ನು ಘಟಪ್ರಭಾ ಪಕ್ಷಿಧಾಮ ಎಂದು ಘೋಷಿಸಿದರು. ಚಳಿಗಾಲದಲ್ಲಿ ಇಲ್ಲಿ ಡೆಮೊಸೆಲ್ ಕ್ರೇನ್ ಎಂಬ ಬೂದುಬಣ್ಣದ ಕ್ರೌಂಚ ಹಕ್ಕಿಗಳು ಇಳಿಯುತ್ತವೆ. ಇವು ಮರಿ ಮಾಡುವುದು ಮಂಗೋಲಿಯಾ, ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ. ಹಿಮಾಲಯ ದಾಟಿ ಬರುತ್ತವೆ. ಖಂಡದಲ್ಲಿ ನೋಡಬೇಕಾದ ಜಾಗಗಳ ಪಟ್ಟಿಯನ್ನು ಈ ಹಕ್ಕಿಗಳು ಮಾಡಿದ್ದರೆ ಧೂಪದಾಳ ಅದರಲ್ಲಿ ಇರುತ್ತಿತ್ತು. ಮೇ ತಿಂಗಳಲ್ಲಿ ಅವು ಇರುವುದಿಲ್ಲ. ನಾವು ಕಂಡದ್ದು ಬೆಳ್ಳಕ್ಕಿ ಮತ್ತು ಎಮ್ಮೆ.

ಧೂಪದಾಳದಿಂದ ಕೊಣ್ಣೂರು. ಫಾಲ್ಸ್‌ಗೆ ಹೋಗುವ ಬಸ್ಸಿನವರೆಲ್ಲ ಈ ಊರು ದಾಟಿಯೇ ಹೋಗುತ್ತಾರೆ, ಆದರೆ ಇಳಿಯುವವರು ಕಡಿಮೆ. ಇಲ್ಲಿ ಬೆಟ್ಟದ ತಪ್ಪಲಲ್ಲಿ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ದೊಡ್ಡ ಚಪ್ಪಡಿ ಮುಚ್ಚಿ ಮಾಡಿದ ಕೋಣೆಗಳಿವೆ. ಸತ್ತವರಿಗಾಗಿ ಕಟ್ಟಿದ ಬೃಹತ್ ಶಿಲಾಯುಗದ ಸಮಾಧಿಗಳು ಇವು. ನಮ್ಮ ಉತ್ತರ ಕರ್ನಾಟಕದ ಇಂಥ ಕೋಣೆಗಳ ಕಾಲ ಸುಮಾರು 2000ದಿಂದ 3000 ವರ್ಷಗಳ ಹಿಂದಿನದು. ಕಬ್ಬಿಣ ಆಗ ತಾನೇ ಕೈಗೆ ಬಂದಿತ್ತು. ದೇವಸ್ಥಾನ, ಶಾಸನ, ರಾಜವಂಶ ಇವೆಲ್ಲ ಬರುವುದಕ್ಕಿಂತ ಮೊದಲಿನ ಮಾತು. ಪುರಾತತ್ವ ವಿದ್ವಾಂಸ ಅ. ಸುಂದರ ಅವರು ದಕ್ಷಿಣ ಭಾರತದ ಇಂಥ ಕೋಣೆ ಸಮಾಧಿಗಳ ಬಗ್ಗೆಯೇ ಒಂದು ಪುಸ್ತಕ ಬರೆದರು, 1975ರಲ್ಲಿ.

ಕುರಿ ಕಾಯುತ್ತಿದ್ದ ಒಬ್ಬ ಅಜ್ಜ ನಮ್ಮನ್ನು ನೋಡಿ ಹತ್ತಿರ ಬಂದರು.

‘ಏನ ಹುಡುಕಾಕತ್ತೀರಿ ತಮ್ಮಾ?’

‘ಹಳೇ ಕಲ್ಲ ನೋಡಾಕ ಬಂದೀವ್ರಿ ಅಜ್ಜಾರ.’

‘ಇವು ಪಾಂಡವರ ಮನಿ. ಸಣ್ಣಾವರಿದ್ದಾಗ ಮಳಿ ಬಂದ್ರ ಇದರಾಗ ಹೊಕ್ಕೊಂಡ ಕುಂಡ್ರತಿದ್ವಿ. ಕುರಿಮರೀನೂ ಒಳಗ ಹಾಕತಿದ್ವಿ.’

‘ಸಮಾಧಿ ಅಂತ ಗೊತ್ತಿತ್ತೇನ್ರಿ?’

ಅಜ್ಜ ನಕ್ಕರು. ‘ಸತ್ತಾವರಿಗೆ ನಮ್ಮ ಮ್ಯಾಲ ಏನ ಸಿಟ್ಟ? ಮಳಿ ನಿಂತ ಮ್ಯಾಲ ಹೊರಗ ಬರತಿದ್ವಿ.’

ಪಾಂಡವರ ಮನೆ ಎಂಬ ಹೆಸರು ಕೊಣ್ಣೂರಿನದು ಮಾತ್ರವಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ನಲ್ಲಿ ನೂರಾರು ಇಂಥ ಕೋಣೆಗಳಿವೆ, ಅಲ್ಲಿಯವರು ಮೋರ್ಯರ ಮನೆ ಎನ್ನುತ್ತಾರೆ. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ನಮ್ಮದೇ ಖಂಡದ ಇನ್ನೊಂದು ತುದಿಗೆ, ದಕ್ಷಿಣ ಕೊರಿಯಾಕ್ಕೆ ಹೋದರೆ ಗೋಚಾಂಗ್, ಹ್ವಾಸುನ್, ಗಾಂಗ್ವಾ ಎಂಬ ಮೂರು ಕಡೆ ಹೀಗೆಯೇ ಚಪ್ಪಡಿ ಹೊದಿಸಿದ ಸಮಾಧಿಗಳಿವೆ. ಅವು 2000ನೇ ಇಸವಿಯಲ್ಲೇ ವಿಶ್ವ ಪರಂಪರೆಯಾದವು. ಗೋಚಾಂಗ್‌ನಲ್ಲಿ ಅವುಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಅಲ್ಲಿನವರಿಗೂ ನಮ್ಮವರಿಗೂ ಸಂಬಂಧ ಇತ್ತು ಎಂದು ನಾವು ಹೇಳುತ್ತಿಲ್ಲ. ವಾಟ್ಸಾಪ್‌ನಲ್ಲಿ ಅಂಥ ಕಥೆ ಕಟ್ಟುವವರು ಬೇಕಾದಷ್ಟಿದ್ದಾರೆ. ಸತ್ತವರಿಗೆ ಕಲ್ಲಿನ ಮನೆ ಕಟ್ಟುವ ಬುದ್ಧಿ ಎರಡೂ ಕಡೆ ಬಂತು, ಅಷ್ಟೇ. ಅಲ್ಲಿ ಟಿಕೆಟ್ ಕೊಟ್ಟು ನೋಡುತ್ತಾರೆ. ಇಲ್ಲಿ ಕೆಲವು ಕೋಣೆಗಳ ಚಪ್ಪಡಿ ಜಾರಿದೆ, ಕೆಲವಕ್ಕೆ ಜಾಲಿ ಬೆಳೆದಿದೆ.

ಬೇರೆಯವರನ್ನು ಬೈಯುವ ಮೊದಲು ನಮ್ಮದನ್ನೂ ಹೇಳಬೇಕು. ನಮ್ಮ ಮೂವರಲ್ಲಿ ಒಬ್ಬರ ಊರಲ್ಲಿ ಬಾವಿಯ ಹತ್ತಿರ ಬಟ್ಟೆ ಒಗೆಯಲು ಹಾಕಿದ್ದ ಕಲ್ಲು ವೀರಗಲ್ಲು. ಚಿಕ್ಕವರಿದ್ದಾಗ ಅದರ ಮೇಲೆ ನಿಂತೇ ನೀರಿಗೆ ಹಾರಿದ್ದೇವೆ. ಅದು ವೀರಗಲ್ಲು ಎಂದು ಗೊತ್ತಾದದ್ದು ಡಿಪ್ಲೊಮಾ ಮಾಡುವಾಗ, ಪುಸ್ತಕದಲ್ಲಿ ಅಂಥದೇ ಚಿತ್ರ ನೋಡಿದ ಮೇಲೆ. ಊರಿಗೆ ಬಂದು ನೋಡುವಷ್ಟರಲ್ಲಿ ಬಾವಿ ಮುಚ್ಚಿ ಅದರ ಮೇಲೆ ರಸ್ತೆ ಆಗಿತ್ತು. ಕಲ್ಲು ಎಲ್ಲಿ ಎಂದು ಯಾರಿಗೂ ನೆನಪಿರಲಿಲ್ಲ.

ಕೊಣ್ಣೂರಿನಲ್ಲಿ ಬರೆದಿಟ್ಟ ಇತಿಹಾಸವೂ ಇದೆ. ಸವದತ್ತಿಯ, ಆಮೇಲೆ ಬೆಳಗಾವಿಯ ರಟ್ಟರು ಆಳಿದ ಸೀಮೆ ಇದು. 1087ರ ಒಂದು ಜೈನ ಶಾಸನ ಕೊಣ್ಣೂರಿನಲ್ಲಿ ಸಿಕ್ಕಿದೆ. ಈಗ ಮೂಡಲಗಿ ತಾಲ್ಲೂಕಿಗೆ ಸೇರಿದ ಕಲ್ಲೋಳಿಯಲ್ಲಿ 1204ರ ಶಾಸನವಿದೆ. ರಟ್ಟ ರಾಜ ನಾಲ್ಕನೇ ಕಾರ್ತವೀರ್ಯನ ಕಾಲದಲ್ಲಿ ಶಾಂತಿನಾಥ ಬಸದಿಗೆ ಕೊಟ್ಟ ದಾನದ ದಾಖಲೆ ಅದು. ಇವನ್ನು ಓದಿ ಅಚ್ಚು ಹಾಕಿಸಿದವರು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಕಲ್ಲೋಳಿಗೆ ಹನುಮಪ್ಪನ ದರ್ಶನಕ್ಕೆ ಹೋಗುವವರು ಹೇಗೂ ಹೋಗುತ್ತೀರಿ, ಊರಿನ ಹಿರಿಯರನ್ನು ಬಸದಿಯ ಬಗ್ಗೆಯೂ ಒಂದು ಮಾತು ಕೇಳಿ.

ಕೊನೆಗೆ ಫಾಲ್ಸ್. ಮರಳುಗಲ್ಲಿನ ಬಂಡೆ ಕುದುರೆ ಲಾಳದ ಹಾಗೆ ಬಾಗಿದೆ. ಕಲಾದಗಿ ಶಿಲಾಸ್ತರ ಎನ್ನುವ ಈ ಕಲ್ಲಿಗೆ 100 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಅದರ ಅಂಚಿನಿಂದ ನದಿ 52 ಮೀಟರ್ ಕೆಳಗೆ ಬೀಳುತ್ತದೆ, ಅಂದರೆ ಸುಮಾರು 170 ಅಡಿ. ಮಳೆಗಾಲದಲ್ಲಿ ಕೆಂಪು ನೀರು ಬೀಳುವ ಸದ್ದು ಬಹಳ ದೂರ ಕೇಳುತ್ತದೆ. ನಾವು ಹೋದ ದಿನ ಬಂಡೆಯ ಒಂದು ಮೂಲೆಯಲ್ಲಿ ಪಂಚೆಯಷ್ಟು ಅಗಲದ ನೀರು ಇಳಿಯುತ್ತಿತ್ತು. ದಂಡೆಯ ಮೇಲಿನ ಮಹಾಲಿಂಗೇಶ್ವರ ದೇವಸ್ಥಾನ ಚಾಲುಕ್ಯ ಶೈಲಿಯದು. ನಿಂತು ನೋಡುವಂಥ ಕಂಬಗಳಿವೆ, ನೆರಳೂ ಇದೆ.

ಫಾಲ್ಸ್ ಎಂದರೆ ನಮ್ಮ ಕಡೆ ಜಲಪಾತ ಮಾತ್ರವಲ್ಲ, ಒಂದು ಊರು. ‘ಮಗ ಫಾಲ್ಸ್‌ನ್ಯಾಗ ಅದಾನ’ ಎಂದರೆ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಅರ್ಥ. 1885ರಲ್ಲಿ ಇಲ್ಲಿ ಕಂಪನಿ ಹುಟ್ಟಿತು, 1887ರಲ್ಲಿ ಗಿರಣಿ ಶುರುವಾಯಿತು. ಕಂಪನಿಯ ಹೆಸರೇ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್. ಹೆಸರಿನಲ್ಲಿ ಹತ್ತಿಗಿಂತ ಮೊದಲು ನೀರು ಬಂತು. ಬೇರೆ ಕಡೆ ಗಿರಣಿಗಳು ಕಲ್ಲಿದ್ದಲು ಸುಟ್ಟು ಓಡುತ್ತಿದ್ದಾಗ ಇಲ್ಲಿ 170 ಅಡಿ ಬೀಳುವ ನದಿಯೇ ಯಂತ್ರ ತಿರುಗಿಸಿತು. ಶಿವನಸಮುದ್ರದಲ್ಲಿ ವಿದ್ಯುತ್ ಬಂದದ್ದು 1902ರಲ್ಲಿ, ಇದಾಗಿ 15 ವರ್ಷದ ಮೇಲೆ. ಬಂಡೆಯಿಂದ 14 ಮೀಟರ್ ಎತ್ತರದಲ್ಲಿ ನದಿಗೆ ಅಡ್ಡಲಾಗಿ 201 ಮೀಟರ್ ಉದ್ದದ ತೂಗುಸೇತುವೆ ಇದೆ. ನೋಡಲು ಬಂದವರು ಅದರ ಫೋಟೊ ತೆಗೆಯುತ್ತಾರೆ. ಪಾಳಿ ಮುಗಿಸಿ ಬುತ್ತಿ ಡಬ್ಬಿ ಹಿಡಿದು ಅದರ ಮೇಲೆ ನಡೆದವರ ಮನೆಗಳು ಸುತ್ತಲಿನ ಎಲ್ಲ ಹಳ್ಳಿಗಳಲ್ಲೂ ಇವೆ.

ಗೋಕಾಕ ಫಾಲ್ಸ್‌ಗೆ ಭಾರತದ ನಯಾಗರಾ ಎಂದು ಬರೆಯುವುದು ರೂಢಿ. ನಯಾಗರಾದ ಲಾಳದ ಆಕಾರದ ಭಾಗ 57 ಮೀಟರ್ ಎತ್ತರ, ನಮ್ಮದಕ್ಕಿಂತ 5 ಮೀಟರ್ ಹೆಚ್ಚು. ಅಗಲದಲ್ಲಿ ನಮ್ಮದು ಅದಕ್ಕೆ ಸಾಟಿಯೇ ಅಲ್ಲ. ಆದರೆ ನಾವು ಹೇಳಬೇಕಾದ ಹೋಲಿಕೆ ಬೇರೆ. ನಯಾಗರಾದ ನೀರನ್ನೂ ವಿದ್ಯುತ್ತಿಗೆ ಮೇಲಿನಿಂದಲೇ ತಿರುಗಿಸುತ್ತಾರೆ. ಎಲ್ಲ ನೀರು ಹೋದರೆ ಜಲಪಾತ ಉಳಿಯುವುದಿಲ್ಲ ಎಂದು ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡವು. ಪ್ರವಾಸಿಗರು ಬರುವ ತಿಂಗಳುಗಳಲ್ಲಿ ಹಗಲು ಹೊತ್ತು ಕನಿಷ್ಠ 1 ಲಕ್ಷ ಕ್ಯೂಸೆಕ್, ಉಳಿದ ಹೊತ್ತು 50 ಸಾವಿರ ಕ್ಯೂಸೆಕ್ ನೀರು ಜಲಪಾತದ ಮೇಲೆಯೇ ಬೀಳಬೇಕು. ಹಿಡಕಲ್‌ನ ಒಳಹರಿವನ್ನು ದಿನಾ ಪೇಪರಿನಲ್ಲಿ ಓದುವ ನಮಗೆ ಕ್ಯೂಸೆಕ್ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನೋಡುವ ಕಣ್ಣಿಗೂ ನದಿಯಲ್ಲಿ ಒಂದು ಪಾಲು ಎಂದು ಅಲ್ಲಿ ಕಾಗದದ ಮೇಲೆ ಬರೆದರು.

ಇಲ್ಲೂ ಹಾಗೆ ಮಾಡಿ ಎಂದು ಕೇಳೋಣವೇ? ಗೋಕಾಕದಲ್ಲಿ ಕರದಂಟು ತಿನ್ನುತ್ತ ನಾವು ಮೂವರೂ ಜಗಳವಾಡಿದೆವು. ಒಬ್ಬರ ಮನೆಯ ಕಬ್ಬು ನಿಂತಿರುವುದೇ ಕಾಲುವೆಯ ನೀರಿನ ಮೇಲೆ. ಮೇ ತಿಂಗಳಲ್ಲಿ ಫೋಟೊಗಾಗಿ ನೀರು ಬಿಡಿ ಎಂದು ಬರೆದರೆ ಅವರಪ್ಪ ಮನೆಯೊಳಗೆ ಬಿಡುವುದಿಲ್ಲ. ಅದು ಸರಿಯೇ. ನಯಾಗರಾದವರಿಗೆ ನಾಲ್ಕು ದೊಡ್ಡ ಸರೋವರಗಳ ನೀರಿದೆ, ನಮಗಿರುವುದು ಸಹ್ಯಾದ್ರಿಯ ನಾಲ್ಕು ತಿಂಗಳ ಮಳೆ. ಬರದಲ್ಲಿ ಸತ್ತವರನ್ನು ನೆನೆದರೆ ಧೂಪದಾಳದ ಒಡ್ಡನ್ನು ತಪ್ಪು ಎನ್ನಲು ಬಾಯಿ ಬರುವುದಿಲ್ಲ. ಆದರೆ ಕೊಣ್ಣೂರಿನ ಕಲ್ಲುಗಳ ಮಾತು ಬೇರೆ. ಅವುಗಳಿಗೆ ಒಂದು ಕ್ಯೂಸೆಕ್ ನೀರೂ ಬೇಡ. ಒಂದು ಬೇಲಿ, ಎರಡು ಸಾಲಿನ ಫಲಕ, ಜಾಲಿ ಕಡಿಯಲು ವರ್ಷಕ್ಕೆ ನಾಲ್ಕು ಆಳು ಸಾಕು. ಈ ವಿಷಯದಲ್ಲಿ ಮೂವರೂ ಒಂದಾದೆವು.

ನೋಡಲು ಹೋಗುವವರಿಗೆ: ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ಹಿಡಕಲ್ ಗೇಟು ತೆಗೆಯದಿದ್ದರೂ ಹಿರಣ್ಯಕೇಶಿಯ ನೀರು ಬಂದರೆ ಫಾಲ್ಸ್ ತುಂಬುತ್ತದೆ. ಬಂಡೆಯ ಅಂಚಿಗೆ ಹೋಗಬೇಡಿ, ಪಾಚಿ ಜಾರುತ್ತದೆ. ನದಿಯನ್ನು ನಂಬಲೂಬೇಡಿ, 2019ರ ಆಗಸ್ಟ್‌ನಲ್ಲಿ ಇದೇ ನೀರು ಗೋಕಾಕ ಪೇಟೆಗೆ ನುಗ್ಗಿ ಲೋಳಸೂರ ಸೇತುವೆಯನ್ನು ಮುಳುಗಿಸಿತ್ತು. ಹೊತ್ತು ಉಳಿದರೆ ಮಾರ್ಕಂಡೇಯ ನದಿಯ ಗೊಡಚಿನಮಲ್ಕಿಗೆ ಹೋಗಿ. ಅಲ್ಲಿ ಎರಡು ಮೆಟ್ಟಿಲಾಗಿ ನೀರು ಬೀಳುತ್ತದೆ, ಜನ ಕಡಿಮೆ.

ಮುಂದಿನ ಸಲ ಹುಕ್ಕೇರಿಯ ಆದಿಲ್‌ಶಾಹಿ ಗುಮ್ಮಟಗಳು ಮತ್ತು ಸಂಕೇಶ್ವರದ ಹತ್ತಿರದ ವಲ್ಲಭಗಡ. ಅಷ್ಟರಲ್ಲಿ ನಿಮ್ಮ ಊರಿನ ಬಾವಿ ಕಟ್ಟೆ, ಗುಡಿಯ ಹಿತ್ತಲು, ಹೊಲದ ಬದುವಿನಲ್ಲಿ ಅಕ್ಷರವಿರುವ ಅಥವಾ ಕುದುರೆ, ಕತ್ತಿ ಕೆತ್ತಿದ ಕಲ್ಲು ಕಂಡರೆ ಫೋಟೊ ತೆಗೆದು ಕಳಿಸಿ. ಸುಣ್ಣ, ಅರಿಶಿನ ಬಳಿಯಬೇಡಿ, ಕಲ್ಲನ್ನು ಅಲ್ಲಿಂದ ಎತ್ತಬೇಡಿ. ಊರಿನ ಹೆಸರು, ಯಾರ ಹೊಲದ ಹತ್ತಿರ ಎಂದು ಬರೆದರೆ ನಾವು ಬೈಕಿನಲ್ಲಿ ಬರುತ್ತೇವೆ.