ಹಳೆಯ ಕನ್ನಡ ಧ್ವನಿಮುದ್ರಿಕೆಗಳ ಸಂಗ್ರಹ

ಹಳೆಯ ಕನ್ನಡ ಧ್ವನಿಮುದ್ರಿಕೆಗಳ ಸಂಗ್ರಹ ಎಂಬುದು ಗ್ರಾಮಫೋನ್ ತಟ್ಟೆ, ಎಲ್‌ಪಿ ಮತ್ತು ಕ್ಯಾಸೆಟ್‌ಗಳ ರೂಪದಲ್ಲಿ ಪ್ರಕಟವಾದ ಕನ್ನಡ ಹಾಡುಗಳನ್ನು ಹುಡುಕಿ, ಗುರುತಿಸಿ, ಕಾಪಾಡುವ ಹವ್ಯಾಸವಾಗಿದೆ. 1970 ಮತ್ತು 1980ರ ದಶಕಗಳ ಭಾವಗೀತೆ ಹಾಗೂ ಚಲನಚಿತ್ರಗೀತೆಗಳ ಧ್ವನಿಸುರುಳಿಗಳು ಇದರ ಮುಖ್ಯ ಭಾಗ. ಅದೇ ಕಾಲದ ಜಪಾನಿನ ನಗರಸಂಗೀತವಾದ ಸಿಟಿ ಪಾಪ್ ಮುದ್ರಿಕೆಗಳನ್ನು ಸಂಗ್ರಹಿಸುವ ಹವ್ಯಾಸಕ್ಕೂ ಇದಕ್ಕೂ ಹಲವು ಹೋಲಿಕೆಗಳಿವೆ. ಬೆಲೆ ಅಥವಾ ವಿರಳತೆಗಿಂತ ಮುದ್ರಿಕೆಯೊಂದಿಗೆ ಬರುವ ಮಾಹಿತಿಯೇ ಈ ಸಂಗ್ರಹದ ನಿಜವಾದ ಮೌಲ್ಯ. ಹಾಡು ಬೇರೆ ರೂಪದಲ್ಲಿ ಉಳಿದುಕೊಂಡರೂ ಕವಿ, ಸಂಯೋಜಕ, ವಾದ್ಯಗಾರರು ಹಾಗೂ ಪ್ರಕಟಣೆಯ ವರ್ಷದ ವಿವರ ಅನೇಕ ವೇಳೆ ಮೂಲ ಹೊದಿಕೆಯ ಮೇಲೆ ಮಾತ್ರ ಸಿಗುತ್ತದೆ.

ಹಿನ್ನೆಲೆ

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣವು 1902ರಲ್ಲಿ ಕಲ್ಕತ್ತಾದಲ್ಲಿ ಗ್ರಾಮಫೋನ್ ಕಂಪನಿಯಿಂದ ಆರಂಭವಾಯಿತು. ಆ ಸಂದರ್ಭದಲ್ಲಿ ಹಾಡಿದ ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಮೈಸೂರು ಸಂಸ್ಥಾನದ ಆಶ್ರಯದಲ್ಲಿ ಕಳೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿ ನಿಧನರಾದರು. ಮೊದಲ ಕಾಲದ ತಟ್ಟೆಗಳನ್ನು ಅರಗು ಬೆರೆಸಿದ ವಸ್ತುವಿನಿಂದ ತಯಾರಿಸಲಾಗುತ್ತಿತ್ತು. ಅವು ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುತ್ತಿದ್ದವು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ಮೂರು ನಿಮಿಷದ ಸಂಗೀತಕ್ಕಷ್ಟೇ ಸ್ಥಳವಿತ್ತು. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಕೆಲವು ತಟ್ಟೆಗಳ ಮೇಲೆ ಅವರ ಹೆಸರು ‘ಗಾಂಧಾರಿ ಹಾನಗಲ್’ ಎಂದು ಅಚ್ಚಾಗಿದೆ. ತಟ್ಟೆಯ ಮೇಲಿನ ಚೀಟಿಯನ್ನು ಓದಲು ಬಾರದವರು ಅಂಥ ತಟ್ಟೆಯನ್ನು ಬೇರೊಬ್ಬರದೆಂದು ಬದಿಗಿಡುವ ಸಾಧ್ಯತೆ ಇದೆ.

ಕನ್ನಡ ಕವಿತೆಗಳನ್ನು ಸಭೆಗಳಲ್ಲಿಯೂ ಮುದ್ರಿಕೆಗಳಲ್ಲಿಯೂ ಹಾಡಿ ಸುಗಮ ಸಂಗೀತಕ್ಕೆ ತಳಹದಿ ಹಾಕಿದವರಲ್ಲಿ ಪಿ. ಕಾಳಿಂಗರಾವ್ (1914–1981) ಪ್ರಮುಖರು. ಮುಂದೆ ವಿನೈಲ್‌ನಿಂದ ತಯಾರಾದ ಇಪಿ ಮತ್ತು ಎಲ್‌ಪಿಗಳು ಅರಗಿನ ತಟ್ಟೆಗಳ ಸ್ಥಾನವನ್ನು ಪಡೆದವು.

ಕ್ಯಾಸೆಟ್ ಯುಗ

ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ 1970ರ ದಶಕದ ಕೊನೆಯ ಹೊತ್ತಿಗೆ ಭಾರತದ ಸಾಮಾನ್ಯ ಮನೆಗಳನ್ನು ತಲುಪತೊಡಗಿತು. ಗ್ರಾಮಫೋನಿಗಿಂತ ಟೇಪ್‌ರೆಕಾರ್ಡರ್ ಅಗ್ಗವಾಗಿತ್ತು ಮತ್ತು ಹಗುರವಾಗಿತ್ತು. ಅದರಲ್ಲಿ ಕೇಳುವುದರ ಜೊತೆಗೆ ಮುದ್ರಿಸಿಕೊಳ್ಳುವುದಕ್ಕೂ ಅವಕಾಶವಿತ್ತು. ಕಡಿಮೆ ಬಂಡವಾಳದಲ್ಲಿ ಪ್ರಕಟಣೆ ಸಾಧ್ಯವಾದ್ದರಿಂದ, ದೊಡ್ಡ ಕಂಪನಿಗಳು ಅಷ್ಟಾಗಿ ಗಮನಿಸದ ಭಾವಗೀತೆ, ಜಾನಪದ ಮತ್ತು ತತ್ತ್ವಪದಗಳಿಗೆ ಹೊಸ ಮಾರುಕಟ್ಟೆ ದೊರೆಯಿತು.

ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ 1978ರಲ್ಲಿ ಹೊರಬಂದಿತು. ಇದನ್ನು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ ಎಂದು ಪರಿಗಣಿಸಲಾಗುತ್ತದೆ. ಬಳಿಕ ಸಿ. ಅಶ್ವಥ್ ಅವರ ಸಂಯೋಜನೆಗಳು ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳನ್ನೂ ಸಂತ ಶಿಶುನಾಳ ಶರೀಫರ ತತ್ತ್ವಪದಗಳನ್ನೂ ಪುಸ್ತಕ ಓದದವರ ಮನೆಗಳಿಗೂ ಒಯ್ದವು.

ಚಲನಚಿತ್ರ ಸಂಗೀತದಲ್ಲಿ ಇದೇ ಅವಧಿಯಲ್ಲಿ ಎಲೆಕ್ಟ್ರಿಕ್ ಗಿಟಾರ್, ಸಿಂಥಸೈಜರ್ ಹಾಗೂ ಡಿಸ್ಕೊ ಲಯಗಳು ಕಾಣಿಸಿಕೊಂಡವು. ಇಳಯರಾಜ ಸಂಗೀತ ನೀಡಿದ ಶಂಕರ್ ನಾಗ್ ನಿರ್ದೇಶನದ ‘ಗೀತಾ’ (1981), ವಿಜಯಾನಂದ್ ಸಂಗೀತದ ‘ನೀ ಬರೆದ ಕಾದಂಬರಿ’ (1985) ಹಾಗೂ ಹಂಸಲೇಖ ಸಂಗೀತದ ‘ಪ್ರೇಮಲೋಕ’ (1987) ಈ ಅವಧಿಯ ಹೆಸರಾಂತ ಉದಾಹರಣೆಗಳು.

ಶಿವಮೊಗ್ಗ ಮತ್ತು ಭದ್ರಾವತಿ ಪ್ರದೇಶ

ಭಾವಗೀತೆಗಳ ಮುದ್ರಿಕೆಗಳಲ್ಲಿ ಶಿವಮೊಗ್ಗ ಜಿಲ್ಲೆಯ ಪಾಲು ದೊಡ್ಡದು. ಈ ಮುದ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣುವ ಕವಿಗಳಲ್ಲಿ ಕುವೆಂಪು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯವರು, ಜಿ.ಎಸ್. ಶಿವರುದ್ರಪ್ಪ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿ ಜನಿಸಿದವರು; ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಶಿವಮೊಗ್ಗದವರು. ಭೂವಿಜ್ಞಾನದ ಅಧ್ಯಾಪಕರಾಗಿದ್ದ ನಿಸಾರ್ ಅಹಮದ್ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಹೇಳಿದ್ದರು.

ಹೊಸನಗರ ತಾಲ್ಲೂಕಿನ ನಗರದಲ್ಲಿ 1938ರಲ್ಲಿ ಜನಿಸಿದ ಶಿವಮೊಗ್ಗ ಸುಬ್ಬಣ್ಣ ವೃತ್ತಿಯಿಂದ ವಕೀಲರು. ಚಂದ್ರಶೇಖರ ಕಂಬಾರರ ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ಅವರು 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಪಡೆದರು. ಹಿನ್ನೆಲೆ ಗಾಯನಕ್ಕೆ ಈ ಪ್ರಶಸ್ತಿ ಗಳಿಸಿದ ಮೊದಲ ಕನ್ನಡಿಗ ಅವರು. 2022ರ ಆಗಸ್ಟ್ 11ರಂದು ಅವರು ನಿಧನರಾದ ಮೇಲೆ, ಅವರ ಆರಂಭಿಕ ಮುದ್ರಿಕೆಗಳು ಕೇಳುಗರ ನೆನಪಿನ ವಸ್ತುಗಳಾಗಿ ಮಾತ್ರವಲ್ಲದೆ ದಾಖಲೆಗಳಾಗಿಯೂ ಮುಖ್ಯವಾಗಿವೆ.

ಆಕಾಶವಾಣಿಯ ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾಯಿತು. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳ ಸುತ್ತ ಬೆಳೆದ ಭದ್ರಾವತಿಯ ಕಾರ್ಮಿಕ ವಸತಿಗಳಿಗೂ ಸೋಗಾನೆಯಂಥ ಗ್ರಾಮಗಳಿಗೂ ಸುಗಮ ಸಂಗೀತ ತಲುಪಿದ್ದು ಬಹುಮಟ್ಟಿಗೆ ಬಾನುಲಿಯ ಮೂಲಕ. ಕ್ಯಾಸೆಟ್ ಬಂದ ಬಳಿಕ ಬಾನುಲಿಯ ಕಾರ್ಯಕ್ರಮಗಳನ್ನು ಖಾಲಿ ಸುರುಳಿಗಳಲ್ಲಿ ಮುದ್ರಿಸಿಕೊಳ್ಳುವ ರೂಢಿಯೂ ಬೆಳೆಯಿತು. ಅಂಗಡಿಯಲ್ಲಿ ಮಾರಾಟವಾದ ಸುರುಳಿಯ ಸಾವಿರಾರು ಪ್ರತಿಗಳು ಇರಬಹುದು. ಮನೆಯಲ್ಲಿ ಮುದ್ರಿಸಿಕೊಂಡದ್ದಕ್ಕೆ ಅದೊಂದೇ ಪ್ರತಿ. ಉದ್ಘೋಷಕರ ಮಾತು, ಸ್ಥಳೀಯ ಕಲಾವಿದರ ಗಾಯನ, ಮದುವೆ ಮನೆಯ ಸೋಬಾನೆ ಪದ ಮುಂತಾದವು ಇಂಥ ಸುರುಳಿಗಳಲ್ಲಿ ಉಳಿದಿರುವ ಸಾಧ್ಯತೆ ಇರುವುದರಿಂದ, ಹೆಸರು ಬರೆಯದ ಸುರುಳಿಗಳನ್ನು ಕೇಳದೆ ಎಸೆಯಬಾರದು ಎಂಬುದು ಸಂಗ್ರಾಹಕರ ಸಾಮಾನ್ಯ ನಿಯಮ.

ಹೊರನಾಡಿನ ಆಸಕ್ತಿ ಮತ್ತು ಸಿಟಿ ಪಾಪ್

ಸಿಟಿ ಪಾಪ್ ಎಂಬುದು 1970ರ ದಶಕದ ಕೊನೆ ಹಾಗೂ 1980ರ ದಶಕದಲ್ಲಿ ಜಪಾನಿನ ನಗರಗಳಲ್ಲಿ ಬೆಳೆದ, ಫಂಕ್, ಡಿಸ್ಕೊ ಮತ್ತು ಜಾಸ್‌ಗಳ ಪ್ರಭಾವವುಳ್ಳ ಜನಪ್ರಿಯ ಸಂಗೀತ. ತಾತ್ಸುರೊ ಯಾಮಾಶಿತಾ, ಮರಿಯಾ ತಾಕೆಉಚಿ, ಮಿಕಿ ಮಾತ್ಸುಬಾರಾ ಇದರ ಹೆಸರಾಂತ ಕಲಾವಿದರು. ತಾಕೆಉಚಿಯವರು 1984ರಲ್ಲಿ ಹೊರತಂದ ‘ಪ್ಲಾಸ್ಟಿಕ್ ಲವ್’ ಹಾಡನ್ನು ಕೇಳುಗರೊಬ್ಬರು 2017ರಲ್ಲಿ ಯೂಟ್ಯೂಬ್‌ಗೆ ಏರಿಸಿದ ಮೇಲೆ, ಜಪಾನೀ ಭಾಷೆ ತಿಳಿಯದ ಲಕ್ಷಾಂತರ ಜನ ಅದನ್ನು ಕೇಳಿದರು. ಹಕ್ಕುದಾರ ಕಂಪನಿಯೇ 2019ರಲ್ಲಿ ಆ ಹಾಡಿಗೆ ಅಧಿಕೃತ ದೃಶ್ಯರೂಪ ಪ್ರಕಟಿಸಿತು. 2021ರಲ್ಲಿ ಅದು ಮತ್ತೆ ವಿನೈಲ್ ತಟ್ಟೆಯಾಗಿ ಬಂದಿತು. ಹೀಗೆ ಕೇಳುಗರ ಹುಡುಕಾಟವು ಪ್ರಕಾಶಕರನ್ನು ಮರುಮುದ್ರಣಕ್ಕೆ ಪ್ರೇರೇಪಿಸಿತು.

ಕನ್ನಡದಲ್ಲಿ ಇಂಥ ಘಟನೆ ಅಂತರ್ಜಾಲಕ್ಕೂ ಮೊದಲೇ ನಡೆದಿದೆ. ದ್ವಾರಕೀಶ್ ನಿರ್ದೇಶಿಸಿ ವಿನೋದ್ ರಾಜ್ ನಟಿಸಿದ ‘ಡಾನ್ಸ್ ರಾಜ ಡಾನ್ಸ್’ (1987) ಚಿತ್ರಕ್ಕೆ ವಿಜಯಾನಂದ್ ಸಂಗೀತ ನೀಡಿದ್ದರು. ಅಮೆರಿಕದ ಸಂಗೀತಗಾರ ಡೇವಿಡ್ ಬರ್ನ್ ಸ್ಥಾಪಿಸಿದ ಲುವಾಕಾ ಬಾಪ್ ಸಂಸ್ಥೆ 1992ರಲ್ಲಿ ವಿಜಯಾನಂದ್ ಅವರ ಚಿತ್ರಗೀತೆಗಳ ಸಂಕಲನವೊಂದನ್ನು ತನ್ನ ‘ಏಷ್ಯಾ ಕ್ಲಾಸಿಕ್ಸ್’ ಮಾಲೆಯ ಮೊದಲ ಮುದ್ರಿಕೆಯಾಗಿ ಅದೇ ಚಿತ್ರದ ಹೆಸರಿನಲ್ಲಿ ಪ್ರಕಟಿಸಿತು. ಕನ್ನಡ ಚಿತ್ರಮಂದಿರಗಳಿಗಾಗಿ ಸಿದ್ಧವಾದ ಕುಣಿತದ ಹಾಡುಗಳು ಇದರಿಂದ ಪಾಶ್ಚಾತ್ಯ ಸಂಗ್ರಾಹಕರ ಕಪಾಟುಗಳನ್ನು ಸೇರಿದವು.

ಎರಡೂ ಪ್ರಸಂಗಗಳಲ್ಲಿ ಒಂದು ವ್ಯತ್ಯಾಸವಿದೆ. ಸಿಟಿ ಪಾಪ್ ತಟ್ಟೆಗಳು ಗೀತಸಾಹಿತ್ಯದ ಹಾಳೆ ಹಾಗೂ ‘ಓಬಿ’ ಎಂಬ ಕಾಗದದ ಪಟ್ಟಿಯೊಂದಿಗೆ ಬರುತ್ತಿದ್ದವು. ವಾದ್ಯಗಾರರ ಹೆಸರುಗಳೂ ಸಾಮಾನ್ಯವಾಗಿ ಅವುಗಳಲ್ಲಿ ಅಚ್ಚಾಗುತ್ತಿದ್ದವು. ಕನ್ನಡ ಚಿತ್ರಗೀತೆಗಳ ಕ್ಯಾಸೆಟ್‌ಗಳಲ್ಲಿ ಗಾಯಕರು, ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರ ಹೆಸರಿದ್ದರೆ ಹೆಚ್ಚು. ಗಿಟಾರ್, ತಬಲಾ, ಕೊಳಲು ನುಡಿಸಿದವರ ಉಲ್ಲೇಖ ಅಪರೂಪ.

ಹುಡುಕಾಟ ಮತ್ತು ಗುರುತಿಸುವಿಕೆ

ಹಳೆಯ ಮುದ್ರಿಕೆಗಳು ಗುಜರಿ ಅಂಗಡಿಗಳಲ್ಲಿ, ಬೆಂಗಳೂರಿನ ಚಿಕ್ಕಪೇಟೆ ಸುತ್ತಲಿನ ಭಾನುವಾರದ ಸಂತೆಯಲ್ಲಿ ಹಾಗೂ ಮನೆ ಖಾಲಿ ಮಾಡುವ ಕುಟುಂಬಗಳಲ್ಲಿ ದೊರೆಯುತ್ತವೆ. ಗುರುತಿಸುವಾಗ ಸಾಮಾನ್ಯವಾಗಿ ಗಮನಿಸುವ ಅಂಶಗಳು:

* ತಟ್ಟೆಯ ನಡುವಿನ ಚೀಟಿಯಲ್ಲಿರುವ ಕಂಪನಿಯ ಹೆಸರು ಮತ್ತು ಕ್ರಮಸಂಖ್ಯೆ. ಎಚ್‌ಎಂವಿ, ಕೊಲಂಬಿಯಾ, ಒಡಿಯನ್, ಪಾಲಿಡೋರ್ ಮುಂತಾದವು ಹೆಚ್ಚಾಗಿ ಕಾಣುವ ಹೆಸರುಗಳು.
* ಹಾಡು ಮುಗಿದ ಮೇಲಿನ ಖಾಲಿ ಭಾಗದಲ್ಲಿ ಕೊರೆದಿರುವ ಅಂಕೆ. ಮರುಮುದ್ರಣಗಳನ್ನು ಬೇರ್ಪಡಿಸಲು ಇದು ನೆರವಾಗುತ್ತದೆ.
* ಕ್ಯಾಸೆಟ್ ಡಬ್ಬಿಯೊಳಗಿನ ಮಡಿಚಿದ ಚೀಟಿ. ಕವಿ, ಗಾಯಕ, ಸಂಯೋಜಕರ ಹೆಸರುಗಳು ಮತ್ತು ಕೆಲವೊಮ್ಮೆ ಪ್ರಕಟಣೆಯ ವರ್ಷ ಇದರಲ್ಲಿರುತ್ತವೆ.
* ಡಬ್ಬಿ ಮತ್ತು ಒಳಗಿನ ಸುರುಳಿ ಒಂದೇ ಮುದ್ರಿಕೆಗೆ ಸೇರಿವೆಯೇ ಎಂಬುದು. ಅದಲು ಬದಲಾಗಿರುವುದು ಸಾಮಾನ್ಯ.
* ಮುದ್ರಿಸಿದ ಹಾಡುಗಳ ಮೇಲೆ ಬೇರೆ ಏನನ್ನಾದರೂ ಮುದ್ರಿಸಲಾಗಿದೆಯೇ ಎಂಬುದು. ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳನ್ನು ಮುರಿದಿದ್ದರೆ ಮರುಮುದ್ರಣ ಸಾಧ್ಯವಿಲ್ಲ; ಆ ತೂತಿಗೆ ಅಂಟುಪಟ್ಟಿ ಹಚ್ಚಿದ್ದರೆ ಮೂಲ ಹಾಡು ಅಳಿಸಿರಬಹುದು.

ಸಂರಕ್ಷಣೆ

ಮಲೆನಾಡಿನ ದೀರ್ಘ ಮಳೆಗಾಲ ಮುದ್ರಿಕೆಗಳ ದೊಡ್ಡ ಶತ್ರು. ತೇವದಿಂದ ಕಾಗದದ ಹೊದಿಕೆಗಳಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ಪಟ್ಟಿಯ ಅಂಚಿನಲ್ಲಿ ಬಿಳಿಯ ಶಿಲೀಂಧ್ರ ಕಾಣಿಸಿಕೊಳ್ಳುತ್ತದೆ. ಬೂಷ್ಟು ಹಿಡಿದ ಸುರುಳಿಯನ್ನು ಹಾಗೆಯೇ ಓಡಿಸಿದರೆ ಯಂತ್ರದ ಮೂಲಕ ಅದು ಇತರ ಸುರುಳಿಗಳಿಗೂ ಹರಡುತ್ತದೆ. ಆದ್ದರಿಂದ ಅಂಥವನ್ನು ಬೇರೆಯಾಗಿ ಇಡಬೇಕಾಗುತ್ತದೆ.

ಕ್ಯಾಸೆಟ್ಟಿನ ಪಟ್ಟಿ ನಾಲ್ಕು ಮಿಲಿಮೀಟರಿಗಿಂತಲೂ ಕಿರಿದು. ಅದನ್ನು ಯಂತ್ರದ ತಲೆಗೆ ಒತ್ತಿ ಹಿಡಿಯುವ ಮೆತ್ತೆ ಕಾಲಾಂತರದಲ್ಲಿ ಕಳಚಿಬಿದ್ದರೆ ಧ್ವನಿ ಮಂಕಾಗುತ್ತದೆ. ಪಟ್ಟಿ ಚೆನ್ನಾಗಿದ್ದರೆ ಅದನ್ನು ಬೇರೆ ಕ್ಯಾಸೆಟ್ಟಿನ ಚಿಪ್ಪಿಗೆ ವರ್ಗಾಯಿಸಿ ಕೇಳಬಹುದು. ಬಹುಕಾಲ ಬಳಸದ ಸುರುಳಿಯನ್ನು ನುಡಿಸುವ ಮೊದಲು ಒಮ್ಮೆ ಪೂರ್ತಿಯಾಗಿ ಮುಂದಕ್ಕೂ ಹಿಂದಕ್ಕೂ ಸುತ್ತುವುದು ವಾಡಿಕೆ.

ಅರಗಿನ ತಟ್ಟೆಗಳನ್ನು ಸ್ಪಿರಿಟ್‌ನಿಂದ ಒರೆಸಬಾರದು, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ. ಅವನ್ನು ಎಲ್‌ಪಿಗೆ ಬಳಸುವ ಸೂಕ್ಷ್ಮ ಮುಳ್ಳಿನಿಂದ ನುಡಿಸುವುದೂ ಸರಿಯಲ್ಲ. ಅಗಲವಾದ ಗೀರುಗಳಿಗೆ ತಕ್ಕ ದಪ್ಪ ಮುಳ್ಳು ಬೇಕಾಗುತ್ತದೆ. ವಿನೈಲ್ ತಟ್ಟೆಗಳು ಬಿಸಿಲಿಗೆ ಡೊಂಕಾಗುವುದರಿಂದ ಅವನ್ನು ನೇರವಾಗಿ ನಿಲ್ಲಿಸಿ ನೆರಳಿನಲ್ಲಿ ಇಡಲಾಗುತ್ತದೆ.

ಡಿಜಿಟಲ್ ರೂಪಕ್ಕೆ ತರುವಾಗ ಹಾಡಿನ ಜೊತೆಗೆ ಹೊದಿಕೆಯ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ, ಹೆಸರುಗಳನ್ನು ಕಡತದಲ್ಲಿಯೇ ದಾಖಲಿಸುವುದು ಅಪೇಕ್ಷಣೀಯ. ಇತಿಹಾಸಕಾರ ವಿಕ್ರಮ್ ಸಂಪತ್ ಸ್ಥಾಪಿಸಿದ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ 78 ಸುತ್ತಿನ ತಟ್ಟೆಗಳನ್ನು ಡಿಜಿಟಲ್ ರೂಪದಲ್ಲಿ ಸಾರ್ವಜನಿಕರಿಗೆ ಒದಗಿಸಿದೆ.

ಹಕ್ಕುಸ್ವಾಮ್ಯ

ಭಾರತದ ಹಕ್ಕುಸ್ವಾಮ್ಯ ಕಾಯಿದೆ, 1957ರ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಅದರಂತೆ 1964ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು 2024ರ ಅಂತ್ಯಕ್ಕೆ ಮುಗಿದಿದೆ. 1978ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು 2038ರ ಅಂತ್ಯದವರೆಗೆ ಉಳಿಯುತ್ತದೆ. ಹಾಡಿನ ಸಾಹಿತ್ಯದ ಹಕ್ಕು ಪ್ರತ್ಯೇಕವಾದದ್ದು. ಅದು ಕವಿಯ ನಿಧನಾನಂತರ 60 ವರ್ಷಗಳವರೆಗೆ ಇರುತ್ತದೆ. ಸ್ವಂತ ಬಳಕೆ ಮತ್ತು ಸಂಶೋಧನೆಗಾಗಿ ನ್ಯಾಯೋಚಿತ ಉಪಯೋಗಕ್ಕೆ ಕಾಯಿದೆ ಅವಕಾಶ ನೀಡುತ್ತದೆ, ಆದರೆ ಹಕ್ಕುದಾರರ ಅನುಮತಿಯಿಲ್ಲದೆ ಸಾರ್ವಜನಿಕವಾಗಿ ಹಂಚಲು ಅವಕಾಶವಿಲ್ಲ.

ಇದರಿಂದ ಕ್ಯಾಸೆಟ್ ಯುಗದ ಮುದ್ರಿಕೆಗಳಿಗೆ ವಿಶೇಷ ತೊಡಕು ಒದಗಿದೆ. ಹಕ್ಕಿನ ಅವಧಿ ಮುಗಿಯುವ ಹೊತ್ತಿಗೆ ಅನೇಕ ಸುರುಳಿಗಳು ನುಡಿಸಲಾಗದ ಸ್ಥಿತಿ ತಲುಪಿರುವ ಸಂಭವವಿದೆ. ಪ್ರಕಾಶಕರಲ್ಲಿ ಮೂಲ ಮುದ್ರಣ ಉಳಿಯದ ಹಾಡುಗಳ ಮಟ್ಟಿಗೆ, ಮನೆಯ ಕಪಾಟಿನಲ್ಲಿ ತೇವ ತಾಗದಂತೆ ಇಟ್ಟ ಪ್ರತಿಯೇ ಕೊನೆಯ ಆಧಾರವಾಗುತ್ತದೆ.

ಇವನ್ನೂ ನೋಡಿ

* ಸುಗಮ ಸಂಗೀತ
* ಶಿವಮೊಗ್ಗ ಸುಬ್ಬಣ್ಣ
* ಮೈಸೂರು ಅನಂತಸ್ವಾಮಿ
* ಆಕಾಶವಾಣಿ