ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲಾ ದಾಖಲಾತಿ ಮತ್ತು ಸೌಲಭ್ಯಗಳು: ಪೋಷಕರ ಮಾಹಿತಿಗಾಗಿ

ಪೀಠಿಕೆ

ವೈಕಲ್ಯ ಪ್ರಮಾಣಪತ್ರ ದೊರೆತ ನಂತರವೇ ಮಗುವನ್ನು ಶಾಲೆಗೆ ಸೇರಿಸಬೇಕೆಂಬ ತಪ್ಪು ತಿಳಿವಳಿಕೆಯಿಂದ ಮಕ್ಕಳು ಮನೆಯಲ್ಲಿಯೇ ಉಳಿಯುವುದುಂಟು. ಹೀಗೆ ಕಳೆದುಹೋದ ವರ್ಷಗಳನ್ನು ಮರಳಿ ಪಡೆಯುವುದು ಕಷ್ಟ. ಶಾಲೆಗೆ ಸೇರಲು ಸದರಿ ಪ್ರಮಾಣಪತ್ರ ಅವಶ್ಯವಿಲ್ಲ. ಕೆಲವು ಸೌಲಭ್ಯಗಳನ್ನು ಪಡೆಯಲು ಮಾತ್ರ ಅದು ಅವಶ್ಯ.

ಕಾನೂನಿನ ಅವಕಾಶಗಳು

1. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಅಧಿನಿಯಮ, 2009ರ ಪ್ರಕಾರ 6ರಿಂದ 14 ವರ್ಷದ ಎಲ್ಲ ಮಕ್ಕಳೂ ನೆರೆಹೊರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯಲು ಹಕ್ಕುಳ್ಳವರು. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ.

2. 2012ರ ತಿದ್ದುಪಡಿಯಂತೆ, ತೀವ್ರ ಅಥವಾ ಬಹುವಿಧ ವೈಕಲ್ಯವುಳ್ಳ ಮಗುವಿಗೆ ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳುವ ಹಕ್ಕಿದೆ.

3. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಲ್ಲಿ 21 ಬಗೆಯ ವೈಕಲ್ಯಗಳನ್ನು ಗುರುತಿಸಲಾಗಿದೆ. ಶೇಕಡ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವುಳ್ಳ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ನೀಡಲಾಗಿದೆ. ನೆರೆಹೊರೆಯ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಆಯ್ದುಕೊಳ್ಳಬಹುದು.

ಶಾಲೆ ಬಿಡುವ ಅಪಾಯದಲ್ಲಿರುವ ಮಕ್ಕಳು

ಓದುವಾಗ ಅಕ್ಷರಗಳನ್ನು ಅದಲುಬದಲು ಮಾಡುವ, ಬರೆಯಲು ಅಥವಾ ಲೆಕ್ಕ ಮಾಡಲು ಸತತವಾಗಿ ತೊಡಕನ್ನು ಅನುಭವಿಸುವ ಮಗುವನ್ನು ದಡ್ಡ ಅಥವಾ ಸೋಮಾರಿ ಎಂದು ಭಾವಿಸತಕ್ಕದ್ದಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯೂ ಮೇಲ್ಕಂಡ 21ರಲ್ಲಿ ಒಂದಾಗಿದ್ದು, ಅದನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಕರ್ತವ್ಯವಾಗಿದೆ. ಗುರುತಿಸದೆ ಬಿಟ್ಟಲ್ಲಿ ಮಗು ಮೊದಲು ಹಿಂದುಳಿದು, ನಂತರ ಗೈರುಹಾಜರಾಗಿ, ಕೊನೆಗೆ ಶಾಲೆಯನ್ನೇ ತೊರೆಯುವ ಸಂಭವವಿರುತ್ತದೆ. ಈಗಾಗಲೇ ಶಾಲೆ ಬಿಟ್ಟ ಮಗುವನ್ನು ಅದರ ವಯಸ್ಸಿಗೆ ಅನುಗುಣವಾದ ತರಗತಿಗೆ ಸೇರಿಸಿ, ವಿಶೇಷ ತರಬೇತಿ ನೀಡಲು 2009ರ ಅಧಿನಿಯಮದಲ್ಲಿ ಅವಕಾಶವಿದೆ.

ದೊರೆಯುವ ಸೌಲಭ್ಯಗಳು

• 18 ವರ್ಷದವರೆಗೆ ಅರ್ಹ ಮಕ್ಕಳಿಗೆ ಉಚಿತ ಪಠ್ಯಪುಸ್ತಕ, ಕಲಿಕಾ ಸಾಮಗ್ರಿ ಹಾಗೂ ಸಾಧನ ಸಲಕರಣೆಗಳು.
• ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಯಿಂದ ವಿನಾಯಿತಿ ಮುಂತಾದ ಮಾರ್ಪಾಡುಗಳು.
• ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯಂತೆ ವಿಶೇಷ ಅಗತ್ಯವುಳ್ಳ ಹೆಣ್ಣುಮಕ್ಕಳಿಗೆ ಮಾಸಿಕ ರೂ. 200ರಂತೆ 10 ತಿಂಗಳ ಪ್ರೋತ್ಸಾಹಧನ.
• ಉನ್ನತ ಶಿಕ್ಷಣದಲ್ಲಿ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ಹಾಗೂ ಅನುದಾನಿತ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5ರಷ್ಟು ಮೀಸಲಾತಿ.

ಪೋಷಕರು ಅನುಸರಿಸಬೇಕಾದ ಕ್ರಮ

1. ಮೊದಲು ಮಗುವನ್ನು ಶಾಲೆಗೆ ದಾಖಲಿಸಿ, ಮಗುವಿನ ತೊಂದರೆಯನ್ನು ಮುಖ್ಯ ಶಿಕ್ಷಕರ ಗಮನಕ್ಕೆ ಲಿಖಿತವಾಗಿ ತರುವುದು.

2. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರನ್ನು ಭೇಟಿ ಮಾಡಿ, ತಪಾಸಣಾ ಶಿಬಿರ ಮತ್ತು ಸಾಧನ ಸಲಕರಣೆಗಳ ವಿವರ ಪಡೆಯುವುದು.

3. ವಿಶಿಷ್ಟ ಗುರುತಿನ ಚೀಟಿಗಾಗಿ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಸಲ್ಲಿಸಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಗೆ ಹಾಜರಾಗುವುದು. ಈ ಕಾರ್ಯದಲ್ಲಿ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

4. ಎಸ್.ಎಸ್.ಎಲ್.ಸಿ. ಪರೀಕ್ಷೆಯ ರಿಯಾಯಿತಿಗಳಿಗೆ ಶಾಲೆಯ ಮೂಲಕವೇ ಕೋರಿಕೆ ಸಲ್ಲಿಸಬೇಕಾಗಿರುವುದರಿಂದ, ಶೈಕ್ಷಣಿಕ ವರ್ಷದ ಆರಂಭದಲ್ಲಿಯೇ ಮುಖ್ಯ ಶಿಕ್ಷಕರನ್ನು ಸಂಪರ್ಕಿಸುವುದು. ಪರೀಕ್ಷೆ ಸಮೀಪಿಸುವವರೆಗೆ ಕಾಯುವುದು ಸೂಕ್ತವಲ್ಲ.

ಪ್ರವೇಶ ಅಥವಾ ಸೌಲಭ್ಯ ನಿರಾಕರಿಸಿದಲ್ಲಿ

ನಿರಾಕರಣೆಯ ಕಾರಣವನ್ನು ಲಿಖಿತವಾಗಿ ಕೋರಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ದೂರು ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಉಪನಿರ್ದೇಶಕರನ್ನು, ತದನಂತರ 2016ರ ಅಧಿನಿಯಮದಡಿಯ ರಾಜ್ಯ ಆಯುಕ್ತರನ್ನು ಸಂಪರ್ಕಿಸಬಹುದು. ಸಂಕಷ್ಟದಲ್ಲಿರುವ ಮಕ್ಕಳ ನೆರವಿಗಾಗಿ ಮಕ್ಕಳ ಸಹಾಯವಾಣಿ 1098ಕ್ಕೆ ಉಚಿತವಾಗಿ ಕರೆ ಮಾಡಬಹುದಾಗಿದೆ.

ದೂರಿನ ವಿಚಾರಣೆ ಬಾಕಿಯಿದೆ ಅಥವಾ ಪ್ರಮಾಣಪತ್ರ ಬರಬೇಕಿದೆ ಎಂಬ ಕಾರಣಕ್ಕೆ ಮಗುವಿನ ಕಲಿಕೆಯನ್ನು ನಿಲ್ಲಿಸಬಾರದೆಂದು ಪೋಷಕರಲ್ಲಿ ಕೋರಲಾಗಿದೆ.