ತೂತು ಬಿದ್ದ ನೆಗೆಟಿವ್‌ಗಳು

ಹಳೆಯ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸಲು ಹೊರಟ ಬಡ ಗ್ರಂಥಾಲಯದಲ್ಲಿ ಮೊದಲು ಕೇಳಿಬರುವ ಮಾತು: ‘ದುಡ್ಡು ಕಮ್ಮಿ ಇದೆ, ಮುಖ್ಯವಾದವನ್ನಷ್ಟೆ ಆರಿಸಿಕೊಳ್ಳಿ.’ ತೀರಾ ವ್ಯವಹಾರದ ಮಾತಿನ ಹಾಗೆ ಕಾಣುವ ಇದರೊಳಗೆ ಚರಿತ್ರೆಯ ರಾಜಕಾರಣವೇ ಅಡಗಿದೆ. ಮುಖ್ಯ ಅಂದರೆ ಯಾರಿಗೆ ಮುಖ್ಯ? ಆರಿಸುವವರು ಯಾರು?

ಅಮೆರಿಕದ ಒಂದು ಉದಾಹರಣೆ ನೋಡೋಣ. ಆರ್ಥಿಕ ಕುಸಿತದಲ್ಲಿ ನೆಲಕಚ್ಚಿದ ರೈತರ, ಕೂಲಿಗಳ ಬದುಕನ್ನು ದಾಖಲಿಸಲು ಅಲ್ಲಿನ ಸರ್ಕಾರ 1935ರಲ್ಲಿ ಒಂದು ಫೋಟೋ ವಿಭಾಗ ತೆರೆಯಿತು. ಮುಖ್ಯಸ್ಥ ರಾಯ್ ಸ್ಟ್ರೈಕರ್. ಉದ್ದೇಶ ಒಳ್ಳೆಯದೇ. ಆದರೆ ತನಗೆ ಬೇಡವೆನಿಸಿದ ನೆಗೆಟಿವ್‌ಗಳಿಗೆ, ಬಸ್ ಕಂಡಕ್ಟರು ಟಿಕೆಟಿಗೆ ಹೊಡೆದ ಹಾಗೆ, ಈತ ತೂತು ಹೊಡೆಸಿಬಿಡುತ್ತಿದ್ದ. ಇನ್ನು ಅದರಿಂದ ಪ್ರಿಂಟ್ ಬರಬಾರದು. ಕೆಲವು ತೂತುಗಳು ನೇರ ಮುಖದ ಮೇಲೇ ಬಿದ್ದಿವೆ. ಆ ದಶಕ ಮುಗಿಯುವ ಹೊತ್ತಿಗೆ ಈ ಪದ್ಧತಿ ನಿಂತಿತು. 1944ರಲ್ಲಿ ಸಂಗ್ರಹ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಕಪ್ಪುಬಿಳುಪು ನೆಗೆಟಿವ್‌ಗಳೇ ಸುಮಾರು 1,70,000. ಮುಂದೆ ಗಣಕೀಕರಿಸುವಾಗ ಗ್ರಂಥಾಲಯ ತೂತು ಬಿದ್ದವನ್ನೂ ಬಿಡಲಿಲ್ಲ. ಅಡಿಬರಹವೇ ಇಲ್ಲದ ನೆಗೆಟಿವ್‌ಗಳಿಗೆ ಪಕ್ಕದ ಸಂಖ್ಯೆಯ ಚಿತ್ರಗಳ ವಿವರ ನೋಡಿ, ‘ಇದಕ್ಕೆ ಸಂಬಂಧಿಸಿದ್ದಿರಬಹುದು’ ಅಂತ ಗುರುತು ಹಾಕಿತು. ಅನುಕ್ರಮ ಕೆಡದೆ ಇದ್ದದ್ದರಿಂದ ಇದು ಸಾಧ್ಯವಾಯಿತು.

ಅದೇ ವಿಭಾಗಕ್ಕೆ 1942ರಲ್ಲಿ ಗಾರ್ಡನ್ ಪಾರ್ಕ್ಸ್ ಎಂಬ ಕಪ್ಪು ಛಾಯಾಗ್ರಾಹಕ ಬಂದ. ಕಸ ಗುಡಿಸುವ ಕಪ್ಪು ಹೆಂಗಸೊಬ್ಬಳನ್ನು ರಾಷ್ಟ್ರಧ್ವಜದ ಮುಂದೆ, ಕೈಯಲ್ಲಿ ಪೊರಕೆ ಕೊಟ್ಟು ನಿಲ್ಲಿಸಿ ಚಿತ್ರ ತೆಗೆದ. ಲೋಕಪ್ರಸಿದ್ಧವಾದ ಆ ಚಿತ್ರದ ಅಡಿಬರಹದಲ್ಲಿರುವುದು ಊರಿನ ಹೆಸರು ಮತ್ತು, ನಮ್ಮ ಆಫೀಸುಗಳ ಭಾಷೆಯಲ್ಲಿ ಹೇಳುವುದಾದರೆ, ‘ಸರ್ಕಾರಿ ಜಾಡಮಾಲಿ’ ಅಂತ ಮಾತ್ರ. ಎಲ್ಲಾ ವಾಟ್ಸನ್ ಎಂಬ ಅವಳ ಹೆಸರು ಸಿಗುವುದು ಅದೇ ಸರಣಿಯ ಬೇರೆ ಚಿತ್ರಗಳಲ್ಲಿ: ಮನೆಯಲ್ಲಿ, ಮಕ್ಕಳ ಜೊತೆ ಇರುವ ಸಾದಾ ಚಿತ್ರಗಳಲ್ಲಿ. ‘ಮುಖ್ಯವಾದದ್ದು ಒಂದು ಸಾಕು’ ಅಂದಿದ್ದರೆ ಪೊರಕೆ ಉಳಿಯುತ್ತಿತ್ತು, ಹೆಸರು ಹೋಗುತ್ತಿತ್ತು.

ನಮ್ಮಲ್ಲಿ ನಡೆದದ್ದೂ ಇದೇ ಅಲ್ಲವೆ? ಥರ್ಸ್ಟನ್ 1909ರಲ್ಲಿ ಏಳು ಸಂಪುಟಗಳಲ್ಲಿ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳನ್ನು ಪಟ್ಟಿ ಮಾಡಿದ. ನಂಜುಂಡಯ್ಯ, ಅನಂತಕೃಷ್ಣ ಅಯ್ಯರ್ ಅವರ ಮೈಸೂರಿನ ನಾಲ್ಕು ಸಂಪುಟಗಳು ಆಮೇಲೆ ಬಂದವು. ಅಲ್ಲಿ ಕ್ಯಾಮೆರಾದ ಮುಂದೆ ನಿಂತವರು ಸಾಮಾನ್ಯವಾಗಿ ಜಾತಿಯ ‘ಮಾದರಿ’ಗಳು. ಮನುಷ್ಯನ ಹೆಸರು ಯಾರಿಗೆ ಬೇಕಿತ್ತು!

ಹೋದ ವರ್ಷ ಒಂದು ಸಣ್ಣ ಗ್ರಂಥಾಲಯದಲ್ಲಿ, ಮುಚ್ಚಿಹೋದ ಸ್ಟುಡಿಯೋದಿಂದ ಬಂದ ನೆಗೆಟಿವ್‌ಗಳ ಕೆಲಸಕ್ಕೆ ನಾವು ಮೂವರು ಕೂತೆವು. ಮಾರುಕಟ್ಟೆಯ ಸ್ಕ್ಯಾನರಿಗೆ ಒಂದೊಂದು ಫ್ರೇಮಿಗೂ ನಿಮಿಷಗಟ್ಟಲೆ ಬೇಕು. ಗೆಳೆಯನ ಡಿಜಿಟಲ್ ಕ್ಯಾಮೆರಾ, ಸೆಕೆಂಡ್‌ಹ್ಯಾಂಡ್ ಮ್ಯಾಕ್ರೋ ಲೆನ್ಸು, ಕೆಳಗೆ ಬೆಳಕಿನ ಪೆಟ್ಟಿಗೆ, ಕಿಟಕಿಗೆ ಕಪ್ಪು ಬಟ್ಟೆ. ಇಷ್ಟರಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಒಂದು ಫ್ರೇಮು ಮುಗಿಯುತ್ತಿತ್ತು. ಹುಳಿವಾಸನೆ ಹೊಡೆಯುತ್ತಿದ್ದ ಫಿಲ್ಮುಗಳನ್ನು ಬೇರೆ ಇಟ್ಟು ಮೊದಲು ಮುಗಿಸಿದೆವು. ಕೊಳೆಯಲು ಶುರುವಾದ ಅಸಿಟೇಟ್ ಫಿಲ್ಮು ಕಾಯುವುದಿಲ್ಲ. ಆಮೇಲೆ ಗೊತ್ತಾಯಿತು, ದುಬಾರಿಯಾದದ್ದು ಕ್ಯಾಮೆರಾ ಅಲ್ಲ, ವಿವರ ಬರೆಯುವ ಮನುಷ್ಯನ ಹೊತ್ತು. ಹಾಗಾಗಿ ಬಜೆಟ್ಟಿನ ಕತ್ತರಿ ಮೊದಲು ಬೀಳುವುದೇ ಹೆಸರಿನ ಮೇಲೆ.

ಸಮಿತಿಯವರು ‘ಬೇಡ’ ಅಂತ ಬದಿಗಿಟ್ಟ ರಾಶಿಯಲ್ಲಿ ಒಂದು ಅಂಬೇಡ್ಕರ್ ಜಯಂತಿಯ ರೋಲು ಇತ್ತು. ವೇದಿಕೆಯ ಗಣ್ಯರಿದ್ದ ನಾಲ್ಕು ಫ್ರೇಮುಗಳನ್ನು ಕತ್ತರಿಸಿ ತೆಗೆದು, ಕೇರಿಯೊಳಗಿನ ಮೆರವಣಿಗೆಯನ್ನು ಬಿಟ್ಟಿದ್ದರು. ನಾನು ಜಗಳ ಮಾಡಿದೆ. ಚಿತ್ರದ ಸೈಜು ಬೇಕಾದರೆ ಇಳಿಸೋಣ, ರೋಲು ಮಾತ್ರ ಪೂರ್ತಿ ಹೋಗಬೇಕು, ಕವರಿನ ಸಮೇತ ಅಂತ. ಕಸದ ಬುಟ್ಟಿಯಿಂದ ಕವರನ್ನು ತೆಗೆದು ನೋಡಿದರೆ ಅದರ ಹಿಂದೆ ಸ್ಟುಡಿಯೋದವರು ಪೆನ್ಸಿಲ್ಲಿನಲ್ಲಿ ಲೆಕ್ಕ ಬರೆದುಕೊಂಡಿದ್ದರು. ಫೋಟೋ ಬೇಕೆಂದ ಕೇರಿಯವರ ಹೆಸರು ಸಾಲಾಗಿ, ಒಂದೊಂದರ ಮುಂದೆ ಎಷ್ಟು ಕಾಪಿ, ಎಷ್ಟು ಬಾಕಿ.